ಗುಜರಿ ಕಬ್ಬಿಣದಿಂದ ಹೊರಾಂಗಣದ ಸೌದೆ ಅಗ್ಗಿಷ್ಟಿಕೆ ತಯಾರಿಸುವ ವಿಧಾನ: ಸಮಗ್ರ ಮಾರ್ಗದರ್ಶಿ

ಕೋಣೆಯೊಳಗಿನ ಒಲೆ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ನಾಲ್ಕು ಗೋಡೆಗಳ ನಡುವೆಯೇ ಉಳಿಯುವುದರಿಂದ ಒಳಗಿದ್ದವರು ಬೆಚ್ಚಗಿರುತ್ತಾರೆ. ಬಯಲಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಏಕೆಂದರೆ ಅಲ್ಲಿ ಕಾದ ಗಾಳಿ ಹುಟ್ಟಿದ ಕ್ಷಣವೇ ಮೇಲೇರಿ ಹೋಗಿಬಿಡುತ್ತದೆ. ಹೊರಗೆ ಕುಳಿತವರ ಮೈಗೆ ತಾಗುವುದು ಕಾದ ಲೋಹದಿಂದ ನೇರವಾಗಿ ಹೊರಸೂಸುವ ವಿಕಿರಣದ ಶಾಖ ಮಾತ್ರ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅಗ್ಗಿಷ್ಟಿಕೆಯ ಆಕಾರ, ಎತ್ತರ, ಬಣ್ಣ ಎಲ್ಲವೂ ತಾವಾಗಿಯೇ ನಿರ್ಧಾರವಾಗುತ್ತವೆ. ಕಾದ ಮೇಲ್ಮೈ ಕುಳಿತವರ ಮೊಣಕಾಲಿನಿಂದ ಹೊಟ್ಟೆಯ ಮಟ್ಟದವರೆಗೆ ಎದುರಾಗಿರಬೇಕು, ಅದು ಕಪ್ಪಾಗಿರಬೇಕು ಮತ್ತು ಆದಷ್ಟು ಬಿಸಿಯಾಗಬೇಕು. ಕಾದ ಮೇಲ್ಮೈಯಿಂದ ಹೊರಡುವ ಶಾಖವು ಅದರ ನಿರಪೇಕ್ಷ (ಕೆಲ್ವಿನ್ ಮಾನದ) ತಾಪಮಾನದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. 300 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಕಪ್ಪು ಉಕ್ಕು ಚದರ ಮೀಟರಿಗೆ ಸುಮಾರು ಐದೂವರೆ ಕಿಲೋವ್ಯಾಟ್ ಶಾಖ ಸೂಸಿದರೆ, ಅದೇ ಉಕ್ಕು 400 ಡಿಗ್ರಿಗೆ ಏರಿದಾಗ ಹತ್ತು ಕಿಲೋವ್ಯಾಟ್ ದಾಟುತ್ತದೆ. ದೊಡ್ಡ ಪೆಟ್ಟಿಗೆಯಲ್ಲಿ ಮಂದವಾಗಿ ಉರಿಯುವ ಬೆಂಕಿಗಿಂತ ಸಣ್ಣ ಪೆಟ್ಟಿಗೆಯಲ್ಲಿ ಚುರುಕಾಗಿ ಉರಿಯುವ ಬೆಂಕಿಯೇ ಬಯಲಿಗೆ ಒಳ್ಳೆಯದು ಎನ್ನುವುದಕ್ಕೆ ಇದೇ ಕಾರಣ.

ಇಲ್ಲಿ ವಿವರಿಸುವುದು ಅಡ್ಡಡ್ಡಲಾಗಿ ಮಲಗಿಸಿದ ಉರುಳೆಯಾಕಾರದ ಅಗ್ಗಿಷ್ಟಿಕೆ. ಒಂದು ತುದಿಯಲ್ಲಿ ಬಾಗಿಲು, ಬಾಗಿಲಿನ ಬದಿಯ ಮೇಲ್ಭಾಗದಲ್ಲಿಯೇ ಹೊಗೆ ಕೊಳವೆ, ಒಳಗೆ ಹೊಗೆಯನ್ನು ಹಿಂದಕ್ಕೆ ಕಳುಹಿಸಿ ಮತ್ತೆ ಮುಂದಕ್ಕೆ ತರುವ ಒಂದು ಅಡ್ಡ ತಗಡು, ಇದಿಷ್ಟೇ ಅದರ ರಚನೆ. ಉರುಳೆಯ ಉದ್ದನೆಯ ಪಕ್ಕ ಜನರ ಕಡೆಗಿರುತ್ತದೆ.

ಗುಜರಿಯಲ್ಲಿ ಏನನ್ನು ಆರಿಸಬೇಕು

ನನ್ನ ಆಯ್ಕೆ ಹಳೆಯ ಏರ್ ಕಂಪ್ರೆಸರ್‌ನ ಟ್ಯಾಂಕ್. ಸುಮಾರು 350 ಮಿಲಿಮೀಟರ್ ವ್ಯಾಸ, 800 ಮಿಲಿಮೀಟರ್ ಉದ್ದ ಮತ್ತು 3 ಮಿಲಿಮೀಟರ್ ದಪ್ಪವಿರುವ ಟ್ಯಾಂಕ್ ಸಿಕ್ಕರೆ ಸಾಕು. ಮುಂದಿನ ಅಳತೆಗಳೆಲ್ಲ ಇದನ್ನೇ ಆಧರಿಸಿವೆ. ಇಂಥ ಟ್ಯಾಂಕ್‌ಗಳು ಕೆಡುವುದು ಸಾಮಾನ್ಯವಾಗಿ ತಳದಲ್ಲಿ ನೀರು ನಿಂತು ತುಕ್ಕು ಹಿಡಿಯುವುದರಿಂದ. ಗಾಳಿಯ ಒತ್ತಡ ತಡೆಯಲು ಅಯೋಗ್ಯವಾದ ಟ್ಯಾಂಕ್ ಕೂಡ ಬೆಂಕಿಪೆಟ್ಟಿಗೆಯಾಗಲು ಯೋಗ್ಯವಾಗಿರಬಹುದು. ತಳವನ್ನು ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿ ನೋಡಬೇಕು. ಗಟ್ಟಿಯಾದ ನಾದ ಬಂದರೆ ಸರಿ, ಮಂಕಾದ ಸದ್ದು ಬಂದು ಲೋಹ ಒಳಕ್ಕೆ ತಗ್ಗಿದರೆ ಅದನ್ನು ಬಿಟ್ಟುಬಿಡಬೇಕು.

200 ಲೀಟರಿನ ಡ್ರಮ್ ಸುಲಭವಾಗಿ ಸಿಗುತ್ತದೆ ನಿಜ, ಆದರೆ ಅದರ ತಗಡು ಸುಮಾರು 1 ಮಿಲಿಮೀಟರ್ ದಪ್ಪವಷ್ಟೇ ಇರುವುದರಿಂದ ಬೇಗ ಸೊಟ್ಟಗಾಗಿ ತೂತು ಬೀಳುತ್ತದೆ. ಅದರಲ್ಲಿ ಹಿಂದೆ ಯಾವ ರಾಸಾಯನಿಕವಿತ್ತು ಎಂಬುದು ಖಚಿತವಿಲ್ಲದಿದ್ದರೆ ಮುಟ್ಟಲೇಬಾರದು. ಖಾಲಿ ಗ್ಯಾಸ್ ಸಿಲಿಂಡರ್ ಅನೇಕರಿಗೆ ಮೊದಲು ನೆನಪಾಗುವ ವಸ್ತು. ಅದರ ಗೋಡೆ ದಪ್ಪವೇ ಆದರೂ ಒಳಗೆ ಉಳಿದ ಅನಿಲ ಸ್ಫೋಟಿಸಲು ಲೋಹ ಕತ್ತರಿಸುವ ಗ್ರೈಂಡರಿನ ಒಂದು ಕಿಡಿ ಸಾಕು. ಜೊತೆಗೆ ಸಿಲಿಂಡರ್‌ಗಳು ಬಹುಮಟ್ಟಿಗೆ ಅನಿಲ ಕಂಪನಿಯ ಸ್ವತ್ತಾಗಿರುತ್ತವೆ. ಬೇರೆ ದಾರಿ ಇರುವಾಗ ಆ ಗೊಡವೆ ಬೇಡ.

ಎಲ್ಲಕ್ಕಿಂತ ಮುಖ್ಯವಾಗಿ, ಬೆಂಕಿ ತಾಗುವ ಯಾವ ಭಾಗಕ್ಕೂ ಸತು ಲೇಪಿಸಿದ ಲೋಹ, ಅಂದರೆ ಜಿ.ಐ. ಪೈಪ್ ಅಥವಾ ಜಿ.ಐ. ತಗಡು ಬಳಸಬಾರದು. ಸತು 420 ಡಿಗ್ರಿಯಲ್ಲಿ ಕರಗುತ್ತದೆ, ಸುಮಾರು 907 ಡಿಗ್ರಿಯಲ್ಲಿ ಕುದಿಯುತ್ತದೆ. ವೆಲ್ಡಿಂಗ್ ಜ್ವಾಲೆ ಇದಕ್ಕಿಂತ ಎಷ್ಟೋ ಪಾಲು ಬಿಸಿಯಾಗಿರುವುದರಿಂದ ಸತು ಆವಿಯಾಗಿ, ಅದರ ಬಿಳಿಯ ಹೊಗೆ ಉಸಿರಿನೊಳಗೆ ಹೋಗಿ, ಕೆಲವು ಗಂಟೆಗಳ ನಂತರ ಚಳಿಜ್ವರ, ಮೈಕೈ ನೋವು ಬರುತ್ತವೆ. ಹೊಳೆಯುವ ಬೂದುಬಣ್ಣದ ಮೇಲೆ ಹೂವಿನಂಥ ಚಿತ್ತಾರ ಕಂಡರೆ ಅದು ಸತುವಿನ ಲೇಪ ಎಂದೇ ತಿಳಿಯಬೇಕು.

ಟ್ಯಾಂಕ್ ಅಲ್ಲದೆ ಬೇಕಾಗುವುದು ಇಷ್ಟು: ಮುಂಭಾಗಕ್ಕೂ ಬಾಗಿಲಿಗೂ 5 ಮಿಲಿಮೀಟರ್ ದಪ್ಪದ ಪ್ಲೇಟ್, ಅಡ್ಡ ತಗಡಿಗೆ 4 ಮಿಲಿಮೀಟರ್ ಪ್ಲೇಟ್, ಕಾಲುಗಳಿಗೆ 40 ಮಿಲಿಮೀಟರ್ ಆಂಗಲ್ (L ಆಕಾರದ ಕಬ್ಬಿಣದ ಪಟ್ಟಿ), 125 ಮಿಲಿಮೀಟರ್ ವ್ಯಾಸದ ಉಕ್ಕಿನ ಕೊಳವೆ ಸುಮಾರು 2 ಮೀಟರ್, ಲೇಪವಿಲ್ಲದ 1 ಇಂಚಿನ ಕಪ್ಪು ಪೈಪ್ ಒಂದೂವರೆ ಮೀಟರ್, ಬಾಗಿಲಿನ ಸುತ್ತ ಕೂರಿಸಲು 10 ಮಿಲಿಮೀಟರಿನ ಶಾಖ ತಡೆಯುವ ಹಗ್ಗ, ಹಿಂಬದಿಗೆ ನಿಲ್ಲಿಸಲು ಒಂದು ಹೊಳೆಯುವ ಅಲ್ಯೂಮಿನಿಯಂ ಹಾಳೆ. ಉಪಕರಣಗಳಲ್ಲಿ ಗ್ರೈಂಡರ್, ವೆಲ್ಡಿಂಗ್ ಮಷಿನ್, ಡ್ರಿಲ್ ಇದ್ದರೆ ಉಳಿದದ್ದು ಹೊಂದಿಕೊಳ್ಳುತ್ತದೆ.

ಮೊದಲ ಹಂತ: ಟ್ಯಾಂಕನ್ನು ತೆರೆದು ಶುಚಿಮಾಡುವುದು

ಕೆಲಸ ಆರಂಭಿಸುವ ಮೊದಲು ಒಳಗಿನ ಗಾಳಿಯ ಒತ್ತಡವನ್ನೆಲ್ಲ ಬಿಟ್ಟು, ತಳದ ನೀರಿನ ಕೀಲು, ಒತ್ತಡದ ಮಾಪಕ, ವಾಲ್ವ್ ಹೀಗೆ ಎಲ್ಲ ಜೋಡಣೆಗಳನ್ನೂ ಬಿಚ್ಚಿ ತೆಗೆಯಬೇಕು. ಯಾವ ರಂಧ್ರವೂ ಮುಚ್ಚಿರಬಾರದು. ಕಂಪ್ರೆಸರಿನ ಎಣ್ಣೆ ಒಳಗೋಡೆಗೆ ಅಂಟಿಕೊಂಡಿರುತ್ತದೆ. ಬಿಸಿನೀರು ಮತ್ತು ಸೋಪಿನ ಪುಡಿ ಹಾಕಿ ಕುಲುಕಿ, ಚೆಲ್ಲಿ, ಮತ್ತೊಮ್ಮೆ ತೊಳೆಯಬೇಕು. ಎಣ್ಣೆ ತೆಗೆಯಲೆಂದು ಬ್ರೇಕ್ ಕ್ಲೀನರ್ ಬಳಸುವವರಿದ್ದಾರೆ. ಅದರಲ್ಲಿ ಕ್ಲೋರಿನ್ ಇರುವ ದ್ರಾವಕವಿದ್ದರೆ ವೆಲ್ಡಿಂಗ್ ಶಾಖಕ್ಕೆ ಅದು ಒಡೆದು ಫಾಸ್ಜೀನ್ ಎಂಬ ಮಾರಕ ಅನಿಲವಾಗಬಲ್ಲದು, ಆದ್ದರಿಂದ ಅದನ್ನು ದೂರವಿಡಬೇಕು.

ಅನಂತರ ಒಂದು ತುದಿಯ ಗುಮ್ಮಟದಂಥ ಮುಚ್ಚಳವನ್ನು, ಬೆಸುಗೆಯ ಗೆರೆಯ ಪಕ್ಕದಲ್ಲಿ ಸುತ್ತಲೂ ಗುರುತು ಹಾಕಿಕೊಂಡು, ಕತ್ತರಿಸಿ ತೆಗೆಯಬೇಕು. ಗುಮ್ಮಟದಲ್ಲಿಯೇ ಬಾಗಿಲು ಕೊರೆಯುವ ಪದ್ಧತಿಯೂ ಇದೆ. ಆದರೆ ಬಾಗಿದ ಲೋಹದ ಮೇಲೆ ಬಾಗಿಲು ಬಿಗಿಯಾಗಿ ಕೂರುವಂತೆ ಮಾಡುವುದು ಕಷ್ಟ. ತುದಿಯನ್ನೇ ತೆಗೆದರೆ ಒಳಗೆ ಕೈಹಾಕಿ ಬೆಸುಗೆ ಮಾಡಲು ಜಾಗವೂ ಸಿಗುತ್ತದೆ. ಕತ್ತರಿಸುವಾಗ ಗ್ರೈಂಡರಿನ ಗಾರ್ಡ್ ತೆಗೆಯಬಾರದು. ಚಕ್ರದ ಮೇಲೆ ಬರೆದಿರುವ ವೇಗ ಗ್ರೈಂಡರಿನ ವೇಗಕ್ಕಿಂತ ಕಡಿಮೆ ಇರಬಾರದು. ಕನ್ನಡಕದ ಮೇಲೆ ಮುಖದ ಕವಚವನ್ನೂ ಧರಿಸಬೇಕು.

ಹೊರಗಿನ ಹಳೆಯ ಬಣ್ಣವನ್ನು ತಂತಿ ಬ್ರಷ್‌ನಿಂದ ಬರಿಯ ಲೋಹ ಕಾಣುವವರೆಗೆ ತೆಗೆಯಬೇಕು. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇರುವುದರಿಂದ ಧೂಳು ತಡೆಯುವ ಮುಖಗವಸು ಅಗತ್ಯ. ಟ್ಯಾಂಕಿನ ಮೂಲ ಕಾಲುಗಳನ್ನು ಕತ್ತರಿಸಿಬಿಡುವ ಅವಸರ ಬೇಡ. ಹೊಸ ಕಾಲುಗಳನ್ನು ಅವುಗಳಿಗೇ ಬೆಸೆದರೆ ಬಿಸಿಯಾಗುವ ಗೋಡೆಯ ಮೇಲೆ ಬೆಸುಗೆಯ ಒತ್ತಡ ಬೀಳುವುದಿಲ್ಲ.

ಎರಡನೆಯ ಹಂತ: ಒಳಗಿನ ಗಾಳಿ ಕೊಳವೆಗಳು ಮತ್ತು ಅಡ್ಡ ತಗಡು

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವ ಭಾಗ ಇದು. ಇದನ್ನು ಬಿಟ್ಟುಬಿಟ್ಟರೆ ಸಿಗುವುದು ಸೌದೆಯ ಅರ್ಧ ಶಾಖವನ್ನು ಹೊಗೆಯ ರೂಪದಲ್ಲಿ ಆಕಾಶಕ್ಕೆ ಕಳುಹಿಸುವ ಪೆಟ್ಟಿಗೆ. ಒಣಗಿದ ಸೌದೆಯ ತೂಕದಲ್ಲಿ ಸುಮಾರು ಶೇಕಡ 80 ಭಾಗ ಕಾದಾಗ ಅನಿಲವಾಗಿ ಹೊರಬರುವಂಥದ್ದು. ಕೆಂಡವಾಗಿ ಉಳಿಯುವುದು ಸಣ್ಣ ಪಾಲು. ಆ ಅನಿಲ ಹೊತ್ತಿ ಉರಿಯಲು ಸುಮಾರು 600 ಡಿಗ್ರಿಯ ಶಾಖ ಮತ್ತು ಮೇಲ್ಭಾಗದಲ್ಲಿಯೇ ಒದಗುವ ಬಿಸಿಗಾಳಿ, ಎರಡೂ ಬೇಕು. ತಣ್ಣನೆಯ ಗಾಳಿ ತಾಗಿದರೆ ಜ್ವಾಲೆ ನಂದಿ ಮಸಿಯಾಗುತ್ತದೆ.

ಕಪ್ಪು ಪೈಪನ್ನು 700 ಮಿಲಿಮೀಟರಿನ ಎರಡು ತುಂಡುಗಳಾಗಿ ಕತ್ತರಿಸಿ, ಪ್ರತಿಯೊಂದರ ಒಂದು ಬದಿಗೆ ಒಂದೇ ಗೆರೆಯಲ್ಲಿ 6 ಮಿಲಿಮೀಟರಿನ 16 ರಂಧ್ರಗಳನ್ನು ಕೊರೆಯಬೇಕು. ರಂಧ್ರಗಳ ಒಟ್ಟು ವಿಸ್ತೀರ್ಣ ಸುಮಾರು ನಾಲ್ಕೂವರೆ ಚದರ ಸೆಂಟಿಮೀಟರ್. ಪೈಪಿನ ಒಳಗಿನ ವಿಸ್ತೀರ್ಣಕ್ಕಿಂತ ಇದು ತುಸು ಕಡಿಮೆ ಇರುವುದರಿಂದ ಗಾಳಿ ಎಲ್ಲ ರಂಧ್ರಗಳಿಂದಲೂ ಹೆಚ್ಚು ಕಡಿಮೆ ಸಮವಾಗಿ ಬರುತ್ತದೆ. ಟ್ಯಾಂಕಿನ ಹಿಂಬದಿಯ ಗುಮ್ಮಟದಲ್ಲಿ, ನಡುಗೆರೆಯಿಂದ ಆಚೀಚೆ 75 ಮಿಲಿಮೀಟರ್ ದೂರದಲ್ಲಿ ಎರಡು ತೂತು ಮಾಡಿ ಪೈಪುಗಳನ್ನು ತೂರಿಸಿ, ಅವುಗಳ ಮೇಲಂಚು ಟ್ಯಾಂಕಿನ ತಳದಿಂದ 260 ಮಿಲಿಮೀಟರ್ ಎತ್ತರದಲ್ಲಿರುವಂತೆ ಹಿಂಬದಿಯಲ್ಲಿ ಬೆಸೆಯಬೇಕು. ಮುಂದಿನ ತುದಿಯನ್ನು ತಗಡಿನಿಂದ ಮುಚ್ಚಿ, ಒಂದು ಅಡ್ಡಪಟ್ಟಿಯ ಮೇಲೆ ಸುಮ್ಮನೆ ಕೂರಿಸಬೇಕೇ ಹೊರತು ಬೆಸೆಯಬಾರದು. 700 ಮಿಲಿಮೀಟರ್ ಉಕ್ಕು 500 ಡಿಗ್ರಿ ಕಾದಾಗ 4 ಮಿಲಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಎರಡೂ ತುದಿ ಬಿಗಿದರೆ ಪೈಪ್ ಬಿಲ್ಲಾಗುತ್ತದೆ, ಇಲ್ಲವೇ ಬೆಸುಗೆ ಬಿಡುತ್ತದೆ. ರಂಧ್ರಗಳು ನಡುಭಾಗದ ಕಡೆಗೆ, ಸ್ವಲ್ಪ ಕೆಳಮುಖವಾಗಿರಲಿ. ಹೊರಗೆ ಚಾಚಿದ ತುದಿಗಳಿಗೆ ತಿರುಗುವ ಬಿಲ್ಲೆಯೊಂದನ್ನು ಬೋಲ್ಟ್ ಹಾಕಿ ಜೋಡಿಸಿದರೆ ಗಾಳಿಯನ್ನು ಹೆಚ್ಚು ಕಡಿಮೆ ಮಾಡಬಹುದು.

ಅಡ್ಡ ತಗಡು ಈ ಪೈಪುಗಳ ಮೇಲೆಯೇ ಕೂರುತ್ತದೆ. ಅದರ ಹೊರ ಅಂಚುಗಳಿಗೆ ಆಸರೆಯಾಗಿ ಟ್ಯಾಂಕಿನ ಎರಡೂ ಪಕ್ಕದ ಗೋಡೆಗೆ ಅದೇ ಎತ್ತರದಲ್ಲಿ ಸಣ್ಣ ಆಂಗಲ್ ಪಟ್ಟಿಗಳನ್ನು ಬೆಸೆಯಬೇಕು. ಆ ಎತ್ತರದಲ್ಲಿ ಟ್ಯಾಂಕಿನ ಒಳ ಅಗಲ ಸುಮಾರು 305 ಮಿಲಿಮೀಟರ್ ಬರುತ್ತದೆ. ತಗಡನ್ನು ಒಂದೇ ತುಂಡಾಗಿ ಮಾಡದೆ, 145 ಮಿಲಿಮೀಟರ್ ಅಗಲದ ಎರಡು ಉದ್ದನೆಯ ತುಂಡುಗಳಾಗಿ ಮಾಡುವುದು ಉತ್ತಮ. ಹಿಗ್ಗಲು ಜಾಗ ಉಳಿಯುತ್ತದೆ, ಮುಂದೊಂದು ದಿನ ಸೊಟ್ಟಗಾದರೆ ಬಾಗಿಲಿನಿಂದಲೇ ಹೊರತೆಗೆಯಬಹುದು. ಉದ್ದ 730 ಮಿಲಿಮೀಟರ್ ಇಟ್ಟು ಅದರ ಮುಂದಿನ ಅಂಚು ಮುಂಭಾಗದ ಪ್ಲೇಟಿಗೆ ತಾಗುವಂತೆ ಕೂರಿಸಿದರೆ ಹಿಂಬದಿಯಲ್ಲಿ ಸುಮಾರು 70 ಮಿಲಿಮೀಟರ್ ತೆರಪು ಉಳಿಯುತ್ತದೆ. ಹೊಗೆ ಈ ತೆರಪಿನಿಂದ ಮೇಲೇರಿ, ತಗಡಿನ ಮೇಲೆ ಮುಂದಕ್ಕೆ ಹರಿದು ಕೊಳವೆ ಸೇರುತ್ತದೆ. 125 ಮಿಲಿಮೀಟರ್ ಕೊಳವೆಯ ವಿಸ್ತೀರ್ಣ ಸುಮಾರು 123 ಚದರ ಸೆಂಟಿಮೀಟರ್. ಹೊಗೆ ಸಾಗುವ ಯಾವ ಜಾಗವೂ ಇದಕ್ಕಿಂತ ಕಿರಿದಾಗಿರಬಾರದು. ಈ ಅಳತೆಯಲ್ಲಿ ತಗಡಿನ ಮೇಲಿನ ಜಾಗ ಸುಮಾರು 195 ಚದರ ಸೆಂಟಿಮೀಟರ್ ಇರುವುದರಿಂದ ತೊಂದರೆಯಿಲ್ಲ; ಬೇರೆ ಗಾತ್ರದ ಟ್ಯಾಂಕ್ ಬಳಸುವವರು ಮಾತ್ರ ಈ ಲೆಕ್ಕವನ್ನು ಮತ್ತೆ ಹಾಕಿಕೊಳ್ಳಬೇಕು.

ಮೂರನೆಯ ಹಂತ: ಕಾಲುಗಳು ಮತ್ತು ಹೊಗೆ ಕೊಳವೆಯ ಬಾಯಿ

ಟ್ಯಾಂಕಿನ ತಳ ನೆಲದಿಂದ 350ರಿಂದ 400 ಮಿಲಿಮೀಟರ್ ಎತ್ತರದಲ್ಲಿರುವಂತೆ ಕಾಲುಗಳನ್ನು ಬೆಸೆಯಬೇಕು. ಆಗ ಕಾದ ಪಕ್ಕ ಕುರ್ಚಿಯಲ್ಲಿ ಕುಳಿತವರ ಮೊಣಕಾಲು ಹಾಗೂ ಹೊಟ್ಟೆಯ ಮಟ್ಟಕ್ಕೆ ಬರುತ್ತದೆ. ಕಾಲುಗಳು ಹೊರಮುಖವಾಗಿ ಅಗಲಿಸಿರಲಿ. ಮೇಲೆ 2 ಮೀಟರ್ ಕೊಳವೆ ನಿಲ್ಲುವುದರಿಂದ ಗಾಳಿಗೆ ಇಡೀ ಅಗ್ಗಿಷ್ಟಿಕೆ ವಾಲುವ ಭಯವಿರುತ್ತದೆ.

ಕೊಳವೆಯ ಬಾಯಿಯ ನಡುಬಿಂದು ಮುಂದಿನ ಅಂಚಿನಿಂದ 100 ಮಿಲಿಮೀಟರ್ ಹಿಂದೆ ಇರಲಿ. 125 ಮಿಲಿಮೀಟರ್ ಕೊಳವೆ ಒಳಗೆ ಸೇರುವಷ್ಟು ದೊಡ್ಡದಾದ ಗಿಡ್ಡ ಪೈಪೊಂದನ್ನು ಟ್ಯಾಂಕಿನ ಬಾಗಿಗೆ ಹೊಂದುವಂತೆ ತುದಿ ಕತ್ತರಿಸಿ, ಅದನ್ನೇ ಟ್ಯಾಂಕಿನ ಮೇಲೆ ಇಟ್ಟು ಸುತ್ತಲೂ ಗೆರೆ ಎಳೆದು ತೂತು ಕೊರೆಯಬೇಕು. ಈ ಗಿಡ್ಡ ಬಾಯಿಯನ್ನು ಮಾತ್ರ ಬೆಸೆಯಬೇಕು. ಉದ್ದ ಕೊಳವೆಯನ್ನು ಮೇಲಿನಿಂದ ಅದರೊಳಗೆ ಇಳಿಬಿಟ್ಟು ನಡುವಿನ ಸಂದಿಗೆ ಶಾಖದ ಹಗ್ಗ ತುರುಕಿದರೆ ಸಾಕು. ಮೇಲಿನ ತುಂಡು ಯಾವಾಗಲೂ ಕೆಳಗಿನದರ ಒಳಗೆ ಇಳಿಯಬೇಕು. ಇದು ತಿರುವುಮುರುವಾದರೆ ಕೊಳವೆಯೊಳಗೆ ಹನಿಯಾಗಿ ಇಳಿಯುವ ಟಾರಿನಂಥ ಕಪ್ಪು ದ್ರವ ಹೊರಗೋಡೆಯ ಮೇಲೆ ಸೋರುತ್ತದೆ.

ನಾಲ್ಕನೆಯ ಹಂತ: ಮುಂಭಾಗ ಮತ್ತು ಬಾಗಿಲು

5 ಮಿಲಿಮೀಟರ್ ಪ್ಲೇಟನ್ನು 380 ಮಿಲಿಮೀಟರಿನ ಚೌಕವಾಗಿ ಕತ್ತರಿಸಿ, ಬಾಗಿಲಿನ ಕಿಂಡಿಯನ್ನು ಬೆಸೆಯುವ ಮೊದಲೇ ಕೊರೆದುಕೊಳ್ಳಬೇಕು. ಕಿಂಡಿಯ ಅಗಲ 220, ಎತ್ತರ 160 ಮಿಲಿಮೀಟರ್. ಕೆಳ ಅಂಚು ಟ್ಯಾಂಕಿನ ತಳದಿಂದ 50 ಮಿಲಿಮೀಟರ್ ಮೇಲಿದ್ದರೆ ಕೆಂಡ ಹೊರಗೆ ಉರುಳದಂತೆ ಹೊಸ್ತಿಲಾಗುತ್ತದೆ. ಪ್ಲೇಟನ್ನು ಟ್ಯಾಂಕಿನ ಬಾಯಿಗೆ ಹಿಡಿದು ಮೊದಲು ನಾಲ್ಕು ಕಡೆ ಚುಕ್ಕೆ ಬೆಸುಗೆ ಹಾಕಿ, ನಂತರ 25–30 ಮಿಲಿಮೀಟರಿನ ತುಂಡು ಬೆಸುಗೆಗಳನ್ನು ಎದುರುಬದುರಾಗಿ ಹಾಕುತ್ತ ಹೋಗಬೇಕು. 3 ಮಿಲಿಮೀಟರ್ ಗೋಡೆಗೆ 2.5 ಮಿಲಿಮೀಟರಿನ ರಾಡ್, 70ರಿಂದ 90 ಆಂಪಿಯರ್ ಸಾಕು. ಒಂದೇ ಉಸಿರಿಗೆ ಸುತ್ತಲೂ ಬೆಸೆದರೆ ಪ್ಲೇಟ್ ಹಪ್ಪಳದಂತೆ ಸೊಟ್ಟಗಾಗಿ, ಬಾಗಿಲು ಎಂದೂ ಸರಿಯಾಗಿ ಕೂರುವುದಿಲ್ಲ.

ಬಾಗಿಲಿನ ಪ್ಲೇಟ್ 270 ಮತ್ತು 210 ಮಿಲಿಮೀಟರ್ ಅಳತೆಯದು. ಕಿಂಡಿಯ ಸುತ್ತ 25 ಮಿಲಿಮೀಟರ್ ಅದು ಮೇಲೆ ಚಾಚಿರುತ್ತದೆ. ಒಳಬದಿಯಲ್ಲಿ ಎರಡು ಸಾಲು ತೆಳು ಪಟ್ಟಿಗಳನ್ನು ಬೆಸೆದು ಅವುಗಳ ನಡುವಿನ ಕಾಲುವೆಯಲ್ಲಿ ಹಗ್ಗವನ್ನು ಶಾಖ ತಡೆಯುವ ಅಂಟಿನಿಂದ ಕೂರಿಸಬೇಕು. ಹಗ್ಗವನ್ನು ಎಳೆದು ಅಂಟಿಸಿದರೆ ಅದು ತೆಳುವಾಗಿ ನಿಷ್ಪ್ರಯೋಜಕವಾಗುತ್ತದೆ. ಬಾಗಿಲಿನ ತಿರುಗಣಿಗೆ ಪೈಪಿನ ತುಣುಕುಗಳು ಮತ್ತು 10 ಮಿಲಿಮೀಟರ್ ಸರಳು ಸಾಕು, ಆದರೆ ಅವು ಸ್ವಲ್ಪ ಸಡಿಲವಾಗಿರಬೇಕು. ಬಾಗಿಲನ್ನು ಬಿಗಿ ಮಾಡುವ ಕೆಲಸ ಚಿಲಕದ್ದು. ಕೂರಿಸಿದ ಮೇಲೆ ಒಂದು ಕಾಗದದ ಪಟ್ಟಿಯನ್ನು ಬಾಗಿಲಿನ ಸಂದಿಯಲ್ಲಿಟ್ಟು ಚಿಲಕ ಹಾಕಿ ಎಳೆಯಬೇಕು. ನಾಲ್ಕೂ ಅಂಚಿನಲ್ಲಿ ಕಾಗದ ಹಿಡಿದು ಹಿಡಿದು ಬಂದರೆ ಸರಿ. ಒಂದು ಮೂಲೆಯಲ್ಲಿ ಜಾರಿ ಬಂದರೆ ಆ ಮೂಲೆಯ ಪಟ್ಟಿಯನ್ನು ತಿದ್ದಬೇಕು.

ಬಾಗಿಲಿನ ಕೆಳಭಾಗದಲ್ಲಿ 25 ಮಿಲಿಮೀಟರಿನ ಮೂರು ರಂಧ್ರ ಕೊರೆದು, ಅವುಗಳ ಮೇಲೆ ಸರಿದಾಡುವ ಪಟ್ಟಿಯೊಂದನ್ನು ಕೂರಿಸಿದರೆ ಕೆಂಡಕ್ಕೆ ಬೇಕಾದ ಗಾಳಿಯ ನಿಯಂತ್ರಣ ಸಿಗುತ್ತದೆ. ಸರಳಿನ ಜಾಲರಿ ಬೇಕೇ ಎಂಬ ಪ್ರಶ್ನೆ ಬರುತ್ತದೆ. ಬೇಡ ಎಂಬುದೇ ನನ್ನ ಉತ್ತರ. ಜಾಲರಿ ಕಲ್ಲಿದ್ದಲಿಗೆ ಬೇಕು. ಸೌದೆ ತನ್ನದೇ ಬೂದಿಯ ಹಾಸಿನ ಮೇಲೆ ಚೆನ್ನಾಗಿ ಉರಿಯುತ್ತದೆ. ಅದರ ಬದಲಿಗೆ ತಳದಲ್ಲಿ 40 ಮಿಲಿಮೀಟರ್ ದಪ್ಪ ಒಣ ಮರಳು ಹರಡಬೇಕು. ತುಕ್ಕು ಹಿಡಿದು ತೆಳುವಾದ ತಳಕ್ಕೆ ಕೆಂಡ ನೇರವಾಗಿ ತಾಗದಂತೆ ಅದು ಕಾಪಾಡುತ್ತದೆ. ಹೊಳೆಯ ಕಲ್ಲು, ಕಾಂಕ್ರೀಟಿನ ಚೂರುಗಳನ್ನು ಹಾಕಬಾರದು. ಅವುಗಳೊಳಗಿನ ತೇವ ಆವಿಯಾಗಿ ಸಿಡಿಯಬಹುದು.

ಐದನೆಯ ಹಂತ: ಕೊಳವೆ, ಹಿಂಬದಿಯ ಹಾಳೆ, ಬಣ್ಣ

ಕೊಳವೆ ಟ್ಯಾಂಕಿನಿಂದ ಮೇಲಕ್ಕೆ ಸುಮಾರು 2 ಮೀಟರ್ ನೇರವಾಗಿರಲಿ, ಬಾಗು ಬೇಡ. ತುದಿಗೆ ಮಳೆಯ ಟೋಪಿ ಹಾಕುವಾಗ ಕೊಳವೆಯ ಬಾಯಿಗೂ ಟೋಪಿಗೂ ನಡುವೆ ಕನಿಷ್ಠ 65 ಮಿಲಿಮೀಟರ್ ಅಂತರವಿಡಬೇಕು. ಸುತ್ತ ಒಣಹುಲ್ಲು, ಒಣ ಎಲೆ ಇರುವ ಕಡೆ ಕಿಡಿ ತಡೆಯಲು 10–12 ಮಿಲಿಮೀಟರ್ ಕಣ್ಣಿನ ತಂತಿಬಲೆ ಕಡ್ಡಾಯ. ಅದಕ್ಕಿಂತ ಸಣ್ಣ ಕಣ್ಣಿನ ಬಲೆ ಮಸಿಯಿಂದ ಬೇಗ ಕಟ್ಟಿಕೊಳ್ಳುತ್ತದೆ.

ಹೊಳೆಯುವ ಅಲ್ಯೂಮಿನಿಯಂ ಹಾಳೆಯನ್ನು ಜನರಿಲ್ಲದ ಬದಿಯಲ್ಲಿ, ಟ್ಯಾಂಕಿನಿಂದ 200 ಮಿಲಿಮೀಟರ್ ದೂರದಲ್ಲಿ ನಿಲ್ಲಿಸಬೇಕು. ಉರುಳೆಯ ಮೇಲ್ಮೈಯಲ್ಲಿ ಅರ್ಧದಷ್ಟು ಶಾಖ ಹಿಂದಕ್ಕೆ ಹೋಗುವಂಥದ್ದು. ಅದರ ಬಹುಭಾಗವನ್ನು ಈ ಹಾಳೆ ತಿರುಗಿಸಿ ಕಳುಹಿಸುತ್ತದೆ, ಗಾಳಿಯನ್ನೂ ತಡೆಯುತ್ತದೆ. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಲಾಭ ಕೊಡುವ ಭಾಗ ಈ ಅಗ್ಗಿಷ್ಟಿಕೆಯಲ್ಲಿ ಬೇರೊಂದಿಲ್ಲ. ಹಾಳೆಗೆ ಮಾತ್ರ ಬಣ್ಣ ಬಳಿಯಬಾರದು. ಟ್ಯಾಂಕಿಗಾದರೆ 600 ಡಿಗ್ರಿ ತಡೆಯುವ ಮ್ಯಾಟ್ ಕಪ್ಪು ಬಣ್ಣವನ್ನು ತೆಳುವಾಗಿ ಎರಡು ಬಾರಿ ಬಳಿಯಬೇಕು. ಹೊಳಪಿನ ಲೋಹ ಕಪ್ಪು ಲೋಹದ ಕಾಲು ಭಾಗದಷ್ಟೂ ಶಾಖ ಸೂಸಲಾರದು.

ಮೊದಲ ಬೆಂಕಿ

ಬಣ್ಣ ಒಣಗಿದ ಮೇಲೆ ಮೊದಲ ದಿನ ಪುರಳೆಯ ಸಣ್ಣ ಬೆಂಕಿ ಹಾಕಿ ಆರಲು ಬಿಡಬೇಕು. ಎರಡನೆಯ ಬೆಂಕಿ ಸ್ವಲ್ಪ ದೊಡ್ಡದಿರಲಿ, ಮೂರನೆಯದು ಪೂರ್ತಿ. ಈ ಹೊತ್ತಿನಲ್ಲಿ ಬಣ್ಣದಿಂದ ಘಾಟಿನ ಹೊಗೆ ಬರುತ್ತದೆ ಮತ್ತು ಬಣ್ಣ ಮೊದಲು ಮೆತ್ತಗಾಗಿ ಆಮೇಲೆ ಗಟ್ಟಿಯಾಗುತ್ತದೆ. ಗಾಳಿ ಬೀಸಿ ಬರುವ ಬದಿಗೆ ನಿಂತಿರಬೇಕು, ಮೇಲ್ಮೈಯನ್ನು ಮುಟ್ಟಬಾರದು.

ಸೌದೆಯ ತೇವಾಂಶ ಶೇಕಡ 20ಕ್ಕಿಂತ ಕಡಿಮೆ ಇರಬೇಕು. ಎರಡು ತುಂಡುಗಳನ್ನು ತಾಡಿಸಿದಾಗ ಟಣ್ ಎಂಬ ಸದ್ದು ಬರುವುದು, ತುದಿಗಳಲ್ಲಿ ಬಿರುಕು ಕಾಣುವುದು ಒಣಗಿದ ಗುರುತು. ಇಂಥ ಸೌದೆ ಕಿಲೋಗ್ರಾಮಿಗೆ ಸುಮಾರು 4 ಕಿಲೋವ್ಯಾಟ್ ಗಂಟೆಯಷ್ಟು ಶಕ್ತಿ ಕೊಡುತ್ತದೆ. ಈ ಗಾತ್ರದ ಪೆಟ್ಟಿಗೆಗೆ ಗಂಟೆಗೆ ಎರಡರಿಂದ ಎರಡೂವರೆ ಕಿಲೋಗ್ರಾಂ ಸಾಕು. ಬಣ್ಣ ಬಳಿದ ಮರ, ಪ್ಲೈವುಡ್, ಗೆದ್ದಲು ತಡೆಯಲು ರಾಸಾಯನಿಕ ಹಾಕಿದ ಮರ ಇವುಗಳನ್ನು ಉರಿಸಬಾರದು.

ಹೊತ್ತಿಸುವಾಗ ಬಾಗಿಲಿನ ಗಾಳಿ ರಂಧ್ರಗಳನ್ನು ಪೂರ್ತಿ ತೆರೆದಿಡಬೇಕು. ಹತ್ತು ಹದಿನೈದು ನಿಮಿಷಗಳಲ್ಲಿ ಕೆಂಡ ಕಟ್ಟಿಕೊಂಡ ನಂತರ ಅವನ್ನು ಅರ್ಧ ಮುಚ್ಚಿ, ಹಿಂಬದಿಯ ಬಿಲ್ಲೆಗಳನ್ನು ತೆರೆಯಬೇಕು. ಕೆಳಗಿನ ಜ್ವಾಲೆ ಆಗ ನಿಧಾನವಾಗುತ್ತದೆ, ಮೇಲಿನ ಪೈಪಿನ ಪ್ರತಿ ರಂಧ್ರದ ಬಾಯಲ್ಲಿ ಗ್ಯಾಸ್ ಒಲೆಯ ಉರಿಯಂಥ ಪುಟ್ಟ ಜ್ವಾಲೆ ಕಾಣಿಸಿಕೊಳ್ಳುತ್ತದೆ, ಕೊಳವೆಯ ತುದಿಯಲ್ಲಿ ಹೊಗೆ ಬಹುತೇಕ ಕಾಣದಂತಾಗುತ್ತದೆ. ಬೂದು ಹೊಗೆ ಮುಂದುವರಿದರೆ ಸೌದೆ ಹಸಿಯಾಗಿದೆ, ಇಲ್ಲವೇ ಕೆಳಗಾಳಿಯನ್ನು ಬೇಗ ಮುಚ್ಚಲಾಗಿದೆ ಎಂದರ್ಥ. ಕತ್ತಲಲ್ಲಿ ಟ್ಯಾಂಕಿನ ಗೋಡೆ ಮಂದ ಕೆಂಪಾಗಿ ಕಂಡರೆ ಅದು 500 ಡಿಗ್ರಿ ದಾಟಿದೆ. ಆ ಶಾಖದಲ್ಲಿ ಉಕ್ಕಿನ ಬಲ ಬಹಳಷ್ಟು ಕುಗ್ಗುವುದರಿಂದ ಕೆಳಗಾಳಿಯನ್ನು ಮುಚ್ಚಿ ಬೆಂಕಿಯನ್ನು ಇಳಿಸಬೇಕು. ನೀರು ಸುರಿಯಬಾರದು: ಆವಿ ಮೈಮೇಲೆ ಎರಗುತ್ತದೆ, ಬೆಸುಗೆ ಬಿರುಕು ಬಿಡುತ್ತದೆ.

ಅಗ್ಗಿಷ್ಟಿಕೆಯನ್ನು ಗೋಡೆ, ಬೇಲಿ, ಮರದ ಕೊಂಬೆ ಇವುಗಳಿಂದ ಕನಿಷ್ಠ 3 ಮೀಟರ್ ದೂರದಲ್ಲಿ, ಬರಿ ಮಣ್ಣು ಅಥವಾ ಇಟ್ಟಿಗೆ ಹಾಸಿನ ಮೇಲೆ ನಿಲ್ಲಿಸಬೇಕು. ಮಕ್ಕಳಿರುವಲ್ಲಿ ಸುತ್ತ ಒಂದು ತಡೆಬೇಲಿ ಬೇಕು. ಡೇರೆಯೊಳಗೆ, ಮುಚ್ಚಿದ ಚಪ್ಪರದ ಕೆಳಗೆ, ಶೆಡ್ಡಿನಲ್ಲಿ ಇದನ್ನು ಎಂದಿಗೂ ಬಳಸಬಾರದು. ಆರುತ್ತಿರುವ ಕೆಂಡದಿಂದಲೂ ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಹೊರಬರುತ್ತಲೇ ಇರುತ್ತದೆ.

ಬೂದಿಯನ್ನು ಪೂರ್ತಿ ಬಳಿದು ತೆಗೆಯುವ ಅಗತ್ಯವಿಲ್ಲ, ಹೊಸ್ತಿಲಿನ ಮಟ್ಟ ಮೀರಿದ್ದನ್ನು ತೆಗೆದರೆ ಸಾಕು. ಬೂದಿಯೊಳಗೆ ಹುದುಗಿದ ಕೆಂಡ ದಿನಗಟ್ಟಲೆ ಜೀವಂತವಾಗಿರಬಲ್ಲದು. ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಹಾಕಿ ಹೊರಗೇ ಇಡಬೇಕು. ಕೊಳವೆಯನ್ನು ಆಗಾಗ ಮೇಲೆತ್ತಿ ತೆಗೆದು ತಂತಿ ಬ್ರಷ್‌ನಿಂದ ಉಜ್ಜಬೇಕು, ತಂತಿಬಲೆಯನ್ನು ತಟ್ಟಿ ಮಸಿ ಉದುರಿಸಬೇಕು. ಮಳೆಗಾಲಕ್ಕೆ ಮೊದಲು ಮರಳು ಬೂದಿ ಎರಡನ್ನೂ ಹೊರಗೆ ತೆಗೆದು, ಒಳಗನ್ನು ಗುಡಿಸಿ, ಬಾಗಿಲನ್ನು ಸ್ವಲ್ಪ ತೆರೆದಿಟ್ಟು ಗಾಳಿಯಾಡುವಂತೆ ಮುಚ್ಚಿಡಬೇಕು. ಒದ್ದೆ ಬೂದಿ ಉಕ್ಕಿಗೆ ಅಂಟಿಕೊಂಡು ಉಳಿದರೆ, ಬೆಂಕಿ ವರ್ಷಗಳಲ್ಲಿ ಮಾಡುವ ಹಾನಿಯನ್ನು ತುಕ್ಕು ಒಂದೇ ಮಳೆಗಾಲದಲ್ಲಿ ಮಾಡಿಬಿಡುತ್ತದೆ.